ಕೊನೇ ಮನೆಯ ನಲ್ಲಿಯಿಂದ ಕಲಿಕೆ ಶುರು ಮಾಡು

ಪ್ರಶ್ನೆ: ಸರ್, ನನಗೆ 24 ವರ್ಷ. ಐಟಿಐ ಫಿಟ್ಟರ್ ಓದಿದ್ದೇನೆ. ರಾಯಚೂರು ಜಿಲ್ಲೆಯ ಒಂದು ಪಟ್ಟಣದ ನೀರು ಶುದ್ಧೀಕರಣ ಘಟಕದಲ್ಲಿ ಹೊರಗುತ್ತಿಗೆ ಮೇಲೆ ಮೂರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮೋಟಾರ್ ಚಾಲೂ ಮಾಡುವುದು, ನೀರು ತಿಳಿಯಾಗಲು ಆಲಂ (ಪಟಿಕ), ಬ್ಲೀಚಿಂಗ್ ಪೌಡರ್ ಹಾಕುವುದು, ವಾಲ್ವ್ ತಿರುಗಿಸುವುದು ಎಲ್ಲ ನಾನೇ. ಯುಜಿಡಿ (ಒಳಚರಂಡಿ) ಕಟ್ಟಿಕೊಂಡರೂ ನಮ್ಮನ್ನೇ ಕರೆಯುತ್ತಾರೆ. ಇದುವರೆಗೆ ಯಾರೂ ಏನೂ ಕಲಿಸಿಲ್ಲ, ಹಿಂದಿನವರು ಮಾಡಿದ್ದನ್ನು ನೋಡಿ ಮಾಡುತ್ತೇನೆ. ನಾನು ಏನು ಕಲಿಯಬೇಕು, ಎಲ್ಲಿ ಕಲಿಯಬೇಕು? ಕಲಿತರೆ ಮೇಲಿನವರು ನನ್ನ ಮಾತು ಕೇಳುತ್ತಾರಾ?

ಉತ್ತರ:

ತಮ್ಮಾ, ನಿನ್ನ ವಯಸ್ಸು ನನ್ನ ಕಿರಿಮಗನದು, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ನಿನ್ನ ಪತ್ರ ಓದಿ ಮನಸ್ಸಿಗೆ ನೋವಾಯಿತು. ಹೊಸದೇನಲ್ಲ ಇದು. ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯ ನೀರಿನ ಕೆಲಸದಲ್ಲೇ ಎಂಜಿನಿಯರ್ ಆಗಿ ನನ್ನ ಆಯುಷ್ಯ ಕಳೆದಿದೆ. ಕೋಟಿಗಟ್ಟಲೆ ದುಡ್ಡಿನ ಯಂತ್ರ ತಂದು ಕೂರಿಸುತ್ತಾರೆ, ಅದನ್ನು ನಡೆಸುವ ಹುಡುಗನಿಗೆ ಒಂದು ದಿನದ ಪಾಠವನ್ನೂ ಹೇಳುವುದಿಲ್ಲ. ಊರಿನ ಸಾವಿರಾರು ಮಂದಿ ಬೆಳಿಗ್ಗೆ ಎದ್ದು ಕುಡಿಯುವ ನೀರು ನಿನ್ನ ಕೈ ದಾಟಿ ಹೋಗುತ್ತದೆ. 2022ರ ಬೇಸಿಗೆಯ ಕೊನೆಗೆ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು, ಆಸ್ಪತ್ರೆ ತುಂಬಿತು. ಅದು ನಿನಗೂ ನೆನಪಿರಬೇಕು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ ಇರುವ ಊರು ಅದು.

ಏನು ಕಲಿಯಬೇಕು ಅಂತ ಕೇಳಿದ್ದೀಯ. ಎಲ್ಲಕ್ಕಿಂತ ಮೊದಲು ಅಳೆಯುವುದನ್ನು ಕಲಿ. ಅಳೆದದ್ದನ್ನು ಬರೆದಿಡುವುದನ್ನು ಕಲಿ. ನಿಮ್ಮಲ್ಲಿ "ದಿನಾ ಎರಡು ಬುಟ್ಟಿ ಬ್ಲೀಚಿಂಗ್ ಹಾಕು" ಅಂತ ಹೇಳಿಕೊಟ್ಟಿರುತ್ತಾರೆ, ಅಲ್ವಾ? ಯಾಕೆ ಎರಡು, ಯಾಕೆ ಮೂರಲ್ಲ ಅಂತ ಯಾರಿಗೂ ಗೊತ್ತಿರುವುದಿಲ್ಲ. ಈ ಲೆಕ್ಕ ಕಷ್ಟದ್ದೇನಲ್ಲ, ಒಮ್ಮೆ ನೋಡು. ನಿಮ್ಮ ಟ್ಯಾಂಕ್ 10 ಲಕ್ಷ ಲೀಟರಿನದು ಅಂತಿಟ್ಟುಕೋ. ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಕೊಡಬೇಕು ಅಂದರೆ ಒಟ್ಟು 2 ಕಿಲೋ ಕ್ಲೋರಿನ್ ಬೇಕು. ಆದರೆ ಬ್ಲೀಚಿಂಗ್ ಪೌಡರ್ ಅಷ್ಟೂ ಕ್ಲೋರಿನ್ ಅಲ್ಲ. ಒಳ್ಳೆಯ ಹೊಸ ಪುಡಿಯಲ್ಲಿ ನೂರಕ್ಕೆ 33 ಪಾಲು ಇದ್ದರೆ 6 ಕಿಲೋ ಪುಡಿ ಸಾಕು. ಅದೇ ಪುಡಿ ನಮ್ಮ ಬಿಸಿಲಿಗೆ ಕಾದು, ಚೀಲದ ಬಾಯಿ ಬಿಚ್ಚಿಕೊಂಡು ಪಂಪ್‌ಹೌಸಿನ ಮೂಲೆಯಲ್ಲಿ ಎರಡು ತಿಂಗಳು ಬಿದ್ದಿದ್ದು 25 ಪಾಲಿಗೆ ಇಳಿದಿದ್ದರೆ 8 ಕಿಲೋ ಬೇಕು. ಇನ್ನೂ ಇಳಿದಿದ್ದರೆ ಇನ್ನೂ ಜಾಸ್ತಿ. ಏಪ್ರಿಲ್‌ನಲ್ಲಿ ತಗಡಿನ ಶೆಡ್ಡಿನೊಳಗೆ ಎಷ್ಟು ಕಾವು ಇರುತ್ತದೆ ಅಂತ ನಾನು ನಿನಗೆ ಹೇಳಬೇಕಿಲ್ಲ. ಚೀಲ ತಂಪಾದ, ಕತ್ತಲಾದ, ಒಣ ಜಾಗದಲ್ಲಿ ಇರಬೇಕು. ಹಳೆಯದು ಮೊದಲು ಖಾಲಿಯಾಗಬೇಕು. ಚೀಲದ ಮೇಲೆ ಬಂದ ತಾರೀಖು ಬರೆದಿಡು. ಪುಡಿಯನ್ನು ನೇರವಾಗಿ ಟ್ಯಾಂಕಿಗೆ ಸುರಿಯಬೇಡ. ನೀರಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಹಾಕು. ಇಲ್ಲದಿದ್ದರೆ ಸುಣ್ಣ ಪೈಪಲ್ಲಿ ಕಟ್ಟಿಕೊಳ್ಳುತ್ತದೆ. ಹಾಕಿದ ಮೇಲೆ ನೀರು ಹೊರಡುವ ಮುಂಚೆ ಅರ್ಧ ಗಂಟೆಯಾದರೂ ಸಮಯ ಕೊಡು, ಕ್ಲೋರಿನ್ ಕೆಲಸ ಮಾಡಲು ಅಷ್ಟು ಹೊತ್ತು ಬೇಕು.

ಸರಿಯಾಗಿ ಹಾಕಿದ್ದೀಯೋ ಇಲ್ಲವೋ ಅಂತ ತಿಳಿಯಲು ಟ್ಯಾಂಕಿನ ಹತ್ತಿರ ನೋಡಿದರೆ ಆಗುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಟೇಲೆಂಡ್ ರೈತರ ಗೋಳು ನಿನಗೆ ಗೊತ್ತಲ್ಲ? ಮೇಲಿನವರಿಗೆ ನೀರು, ಕೊನೆಯವರಿಗೆ ಬರೀ ಕಾಲುವೆ. ಕ್ಲೋರಿನ್ನಿಗೂ ಹಾಗೇ ಆಗುತ್ತದೆ. ಪೈಪಿನುದ್ದಕ್ಕೂ ಇರುವ ಕೊಳೆ ಅದನ್ನು ತಿನ್ನುತ್ತಾ ಹೋಗುತ್ತದೆ, ಟೇಲೆಂಡಿನ ಮನೆಗೆ ಏನೂ ಉಳಿಯುವುದಿಲ್ಲ. ಆ ಕೊನೇ ಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಹೇಳುವುದು ಅದನ್ನೇ. ಡಿಪಿಡಿ ಅನ್ನುವ ಮಾತ್ರೆಯ ಕಿಟ್ ಸಿಗುತ್ತದೆ. ಸಣ್ಣ ಕೊಳವೆಯಲ್ಲಿ ನಲ್ಲಿ ನೀರು ಹಿಡಿದು ಮಾತ್ರೆ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ, ಬಣ್ಣವನ್ನು ಪಟ್ಟಿಗೆ ಹೋಲಿಸಿ ನೋಡುವುದು, ಅಷ್ಟೇ. ಬಣ್ಣ ಬರಲಿಲ್ಲ ಅಂದರೆ ಆ ಮನೆಗೆ ರಕ್ಷಣೆ ಇಲ್ಲ. ಎರಡೇ ನಿಮಿಷದ ಕೆಲಸ. ನನ್ನ ಮಟ್ಟಿಗೆ ನಿನ್ನಂಥ ಕೆಲಸಗಾರನ ಕೈಯಲ್ಲಿ ಇರಲೇಬೇಕಾದ ಮೊದಲ ಸಾಮಾನು ಸ್ಪ್ಯಾನರ್ ಅಲ್ಲ, ಈ ಕಿಟ್.

ಇನ್ನು ಆಲಂ. ನಮ್ಮ ಕಡೆಯ ನೀರು ವರ್ಷವಿಡೀ ಒಂದೇ ಥರ ಇರುವುದಿಲ್ಲ. ಮಳೆಗಾಲದಲ್ಲಿ ಹೊಳೆಗೆ ಹೊಸ ನೀರು ಬಂತು ಅಂದರೆ ಕೆಂಪು ರಾಡಿ. ತುಂಗಭದ್ರಾ ಜಲಾಶಯಕ್ಕೇ ಎಷ್ಟು ಮಣ್ಣು ಬಂದು ಸೇರುತ್ತದೆ ಅಂದರೆ, ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ 105ರ ಆಸುಪಾಸಿಗೆ ಇಳಿದಿದೆ. ಕಾಲುವೆ ಬಂದ್ ಆದ ಮೇಲೆ ಊರಿನ ಕೆರೆಯಲ್ಲಿ ತುಂಬಿಟ್ಟ ನೀರನ್ನೇ ಬೇಸಿಗೆ ಪೂರ್ತಿ ಕುಡಿಯಬೇಕು, ಆಗ ರಾಡಿ ಇರುವುದಿಲ್ಲ, ಹಸಿರು ಪಾಚಿ ಇರುತ್ತದೆ. ಈ ಎರಡಕ್ಕೂ ಒಂದೇ ಅಳತೆಯ ಆಲಂ ಹಾಕಿದರೆ ಹೇಗೆ? ಇದಕ್ಕೆ ಜಾರ್ ಟೆಸ್ಟ್ ಮಾಡಬೇಕು. ಘಟಕದಲ್ಲಿ ಅದರ ಯಂತ್ರ ಇರುತ್ತದೆ, ಬಹಳ ಕಡೆ ಬೀರುವಿನ ಮೇಲೆ ಧೂಳು ತಿನ್ನುತ್ತಿರುತ್ತದೆ. ಯಂತ್ರ ಇಲ್ಲದಿದ್ದರೂ ಕಲಿಯಬಹುದು. 10 ಗ್ರಾಂ ಆಲಂ ಅನ್ನು 1 ಲೀಟರ್ ಶುದ್ಧ ನೀರಲ್ಲಿ ಕರಗಿಸು. ಆರು ಅಗಲ ಬಾಯಿಯ ಗಾಜಿನ ಜಾಡಿಗೆ ಒಂದೊಂದು ಲೀಟರ್ ಕೆರೆ ನೀರು ತುಂಬು. ಸಿರಿಂಜಿನಲ್ಲಿ ಆ ದ್ರಾವಣವನ್ನು ಮೊದಲನೆಯದಕ್ಕೆ 1 ಎಂಎಲ್, ಎರಡನೆಯದಕ್ಕೆ 2, ಹೀಗೆ ಆರರವರೆಗೆ ಹಾಕು. ಒಂದು ಎಂಎಲ್ ಅಂದರೆ ಲೀಟರಿಗೆ 10 ಮಿಲಿಗ್ರಾಂ ಬಿದ್ದಂತೆ. ಒಂದು ನಿಮಿಷ ಜೋರಾಗಿ ತಿರುಗಿಸು, ಆಮೇಲೆ ಕಾಲು ಗಂಟೆ ನಿಧಾನಕ್ಕೆ ತಿರುಗಿಸು, ಅರ್ಧ ಗಂಟೆ ಮುಟ್ಟದೆ ಬಿಡು. ಯಾವ ಜಾಡಿಯಲ್ಲಿ ಎಲ್ಲಕ್ಕಿಂತ ಕಡಿಮೆ ಆಲಂಗೆ ನೀರು ತಿಳಿಯಾಗಿದೆಯೋ ಅದೇ ಇವತ್ತಿನ ಅಳತೆ. ಮೂರನೇ ಜಾಡಿ ಅನ್ನು, ಆಗ 10 ಲಕ್ಷ ಲೀಟರಿಗೆ 30 ಕಿಲೋ. ಇದನ್ನು ನಾನು ಹೊಸ ಹುಡುಗರಿಗೆ ತೋರಿಸಿದಾಗ ಅವರ ಕಣ್ಣು ಅರಳುತ್ತಿದ್ದ ರೀತಿ ಈಗಲೂ ಕಣ್ಣ ಮುಂದಿದೆ. ಅಷ್ಟು ದಿನ ಸುಮ್ನೆ ಸುರಿಯುತ್ತಿದ್ದವರಿಗೆ ಮೊದಲ ಸಲ ತಮ್ಮ ಕೆಲಸಕ್ಕೆ ಒಂದು ಕಾರಣ ಸಿಕ್ಕಿತ್ತು.

ಫಿಲ್ಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮರಳಿನ ಮೇಲೆ ನೀರು ಏರುತ್ತಾ ಹೋದರೆ, ಕೆಳಗೆ ಬರುವ ನೀರು ಕಡಿಮೆಯಾದರೆ ಅಥವಾ ಮಬ್ಬಾದರೆ ಬ್ಯಾಕ್‌ವಾಶ್ ಮಾಡಲೇಬೇಕು, ಅಂದರೆ ಕೆಳಗಿನಿಂದ ಮೇಲಕ್ಕೆ ನೀರು ನುಗ್ಗಿಸಿ ಮರಳು ತೊಳೆಯಬೇಕು. ಕರೆಂಟ್ ಇಲ್ಲ, ನೀರು ದಂಡ ಅಂತ ಮುಂದಕ್ಕೆ ಹಾಕಿದರೆ ಮರಳೊಳಗೆ ಕೆಸರಿನ ಉಂಡೆ ಕಟ್ಟುತ್ತದೆ. ಆಮೇಲೆ ಮರಳನ್ನೇ ಬದಲಿಸಬೇಕು. ಕ್ಲೋರಿನ್ ಗ್ಯಾಸ್ ಸಿಲಿಂಡರ್ ಇರುವ ಘಟಕವಾದರೆ ಒಂದು ಮಾತು ನೆನಪಿಡು. ಆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆಗೆ, ಎತ್ತರದ ಜಾಗಕ್ಕೆ ಓಡಬೇಕು. ಕಾಲುವೆ ಬಂದ್ ಆದಾಗ ಬೋರ್ ನೀರು ಬೆರೆಸುವ ಊರಾಗಿದ್ದರೆ ಫ್ಲೋರೈಡ್ ಪರೀಕ್ಷೆ ಬೇಕು. ರಾಯಚೂರು, ಕೊಪ್ಪಳದ ಎಷ್ಟೋ ಊರುಗಳ ಬೋರಿನಲ್ಲಿ ಅದು ಮಿತಿ ಮೀರಿದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲ ಅಂದರೆ 1.5ರವರೆಗೆ. ಕ್ಲೋರಿನ್ ಹಾಕಿದರೆ ಫ್ಲೋರೈಡ್ ಹೋಗುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದೆ. ಕುದಿಸಿ ಕುಡಿಯಿರಿ ಅಂತ ಎಲ್ಲದಕ್ಕೂ ಹೇಳುವವರಿಗೆ ಇದನ್ನು ತಿಳಿಸಿ ಹೇಳು.

ಈಗ ಪೈಪಿನ ವಿಷಯ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಾನು ನೌಕರಿಗೆ ಸೇರಿದ ಹೊಸದರಲ್ಲಿ ಇದೇ ಸೀಮೆಯ ಒಂದು ಪಟ್ಟಣದಲ್ಲಿ ಒಂದೇ ಓಣಿಯ ಮಂದಿಗೆ ವಾಂತಿ ಭೇದಿ ಶುರುವಾಯಿತು. ಘಟಕದ ನೀರು ಪರೀಕ್ಷೆ ಮಾಡಿಸಿದೆ, ಚೆನ್ನಾಗಿತ್ತು. ಟ್ಯಾಂಕಿನ ನೀರೂ ಚೆನ್ನಾಗಿತ್ತು. ಪುಸ್ತಕದಲ್ಲಿ ಓದಿದ್ದೆಲ್ಲ ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ಒಬ್ಬರು ಹಳೇ ವಾಲ್ವ್‌ಮನ್ ಇದ್ದರು, ಎಲ್ಲರೂ ಕಾಕಾ ಅಂತ ಕರೆಯುತ್ತಿದ್ದೆವು, ಸಹಿ ಮಾಡುವಷ್ಟು ಮಾತ್ರ ಅಕ್ಷರ ಗೊತ್ತಿತ್ತು ಅವರಿಗೆ. ಅವರು ರಾತ್ರಿ ನನ್ನನ್ನು ಕರೆದುಕೊಂಡು ಹೋಗಿ ಒಂದು ಕಬ್ಬಿಣದ ಸಲಾಕೆಯ ತುದಿಯನ್ನು ಪೈಪಿನ ಮೇಲೆ ಇಟ್ಟು ಸೋರಿಕೆಯ ಸದ್ದು ಕೇಳಲು ಇನ್ನೊಂದು ತುದಿಗೆ ಕಿವಿ ಹಚ್ಚಿದರು, ಹತ್ತು ಹೆಜ್ಜೆ ಮುಂದೆ ಹೋಗಿ ಮತ್ತೆ ಹಚ್ಚಿದರು, ಹೀಗೇ ಓಣಿ ಪೂರ್ತಿ ನಡೆದು ಗಟಾರದ ಹತ್ತಿರ ನಿಂತು "ಇಲ್ಲಿ ಅಗಿಸ್ರೀ ಸಾಹೇಬ್ರ" ಅಂದರು. ಅಗಿಸಿದೆ. ಮನೆ ಸಂಪರ್ಕದ ಪೈಪ್ ಗಟಾರದೊಳಗಿಂದಲೇ ಹಾದು ಹೋಗಿತ್ತು, ಜಾಯಿಂಟ್ ಬಿರುಕು ಬಿಟ್ಟಿತ್ತು.

ಅದರ ಹಿಂದಿನ ಕಾರಣ ನಿನಗೆ ಅರ್ಥವಾಗಬೇಕು. ನೀರು ಬಿಟ್ಟಾಗ ಪೈಪಿನೊಳಗೆ ಒತ್ತಡ ಇರುತ್ತದೆ, ಬಿರುಕಿದ್ದರೆ ನೀರು ಹೊರಗೆ ಚಿಮ್ಮುತ್ತದೆ. ವಾಲ್ವ್ ಬಂದ್ ಮಾಡಿದ ಮೇಲೆ ಪೈಪ್ ಬರಿದಾಗುತ್ತಾ ಒಳಕ್ಕೆ ಎಳೆಯತೊಡಗುತ್ತದೆ. ಅದೇ ಬಿರುಕಿನಿಂದ ಗಟಾರದ ನೀರು ಒಳಗೆ ಬರುತ್ತದೆ. ಮೂರು ದಿನಕ್ಕೋ ಐದು ದಿನಕ್ಕೋ ಒಮ್ಮೆ ನೀರು ಬಿಡುವ ನಮ್ಮಂಥ ಊರುಗಳಲ್ಲಿ ಇದು ಪ್ರತಿ ಸಲವೂ ಆಗುತ್ತದೆ. ಮನೆಯವರು ನಲ್ಲಿಗೆ ಮೋಟಾರ್ ಹಚ್ಚಿ ಎಳೆದರೆ ಇನ್ನೂ ಕೆಟ್ಟದ್ದು. ಬಿಟ್ಟ ಕೂಡಲೇ ಬರುವ ಮೊದಲ ನೀರು ಕೊಡಕ್ಕೆ ಹಿಡಿಯಬೇಡಿ ಅಂತ ನಮ್ಮ ಹೆಣ್ಣುಮಕ್ಕಳು ತಮ್ಮಷ್ಟಕ್ಕೆ ತಾವೇ ಕಂಡುಕೊಂಡದ್ದು ಇದೇ ಕಾರಣಕ್ಕೆ. ಪೈಪಲ್ಲಿ ಸದಾ ಒತ್ತಡ ಇದ್ದರೆ ಈ ತೊಂದರೆ ಬಹಳ ಕಡಿಮೆಯಾಗುತ್ತದೆ. 2008ರ ಹೊತ್ತಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆ ನೀರು ಕೊಟ್ಟು ತೋರಿಸಿದರು. ನಿಮ್ಮ ಊರಿಗೆ ಅದು ಯಾವಾಗ ಬರುತ್ತದೋ, ಅಲ್ಲಿಯವರೆಗೆ ಗಟಾರ ದಾಟುವ ಪೈಪುಗಳನ್ನು ಎಣಿಸಿ ಬರೆದಿಡುವ ಕೆಲಸ ನೀನು ಮಾಡಬಹುದು. ಸೋರಿಕೆಯ ಲೆಕ್ಕವನ್ನೂ ಕಲಿ. ನಿಮಿಷಕ್ಕೆ ಒಂದೇ ಲೀಟರ್ ಸೋರಿದರೂ ದಿನಕ್ಕೆ 1,440 ಲೀಟರ್. ಒಳಚರಂಡಿ ಇರುವ ಊರಿನಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಅಂತ ಲೆಕ್ಕ, ಅಂದರೆ ಹತ್ತು ಮಂದಿಯ ನೀರು ಅದು. ಟ್ಯಾಂಕ್ ತುಂಬಿದ ರಾತ್ರಿ ಒಳಗೆ ಬರುವ, ಹೊರಗೆ ಹೋಗುವ ಎರಡೂ ವಾಲ್ವ್ ಬಂದ್ ಮಾಡಿ ಮಟ್ಟ ಗುರುತು ಹಾಕು. 10 ಮೀಟರ್ ಅಗಲದ ಗುಂಡು ಟ್ಯಾಂಕಿನಲ್ಲಿ ಬೆಳಿಗ್ಗೆ 10 ಸೆಂಟಿಮೀಟರ್ ಇಳಿದಿದ್ದರೆ ಸುಮಾರು 7,850 ಲೀಟರ್ ಹೋಗಿದೆ. ಟ್ಯಾಂಕ್ ಸೋರುತ್ತಿದೆ, ಇಲ್ಲವೇ ವಾಲ್ವ್ ಕೂರುತ್ತಿಲ್ಲ.

ನಮ್ಮ ಕಾಕಾ ನಿವೃತ್ತರಾದಾಗ ಆ ಊರಿನ ಅರ್ಧ ನಕ್ಷೆ ಅವರ ಜೊತೆಗೇ ಹೋಯಿತು. ಯಾವ ವಾಲ್ವ್ ಎಡಕ್ಕೆ ತಿರುಗುತ್ತದೆ, ಯಾವುದು ಡಾಂಬರಿನ ಅಡಿಯಲ್ಲಿ ಮುಚ್ಚಿಹೋಗಿದೆ ಅನ್ನುವುದೆಲ್ಲ ಅವರ ತಲೆಯಲ್ಲಿತ್ತು. ಬರೆಸಿಕೊಳ್ಳಬೇಕು ಅಂತ ನನಗೆ ಹೊಳೆಯಲೇ ಇಲ್ಲ, ಇವತ್ತಿಗೂ ಅದರ ಬಗ್ಗೆ ಬೇಸರ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ಇಡೀ ಸೀಮೆ ನಿದ್ದೆಗೆಟ್ಟಿತ್ತು. ತಾತ್ಕಾಲಿಕ ಗೇಟ್ ಕೂರಿಸಲು ಗೇಟುಗಳ ಹಿರಿಯ ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಿದರು. ನಿವೃತ್ತರಾಗಿದ್ದ ಅವರು ಬಂದು ನಿಂತು, ಕೆಲಸಗಾರರ ಜೊತೆ ಹರಿಯುವ ನೀರಿನಲ್ಲೇ ಒಂದು ವಾರದೊಳಗೆ ಅದನ್ನು ಕೂರಿಸಿದರು. ಅಷ್ಟು ದೊಡ್ಡ ಅಣೆಕಟ್ಟೆಗೂ ಆ ಹೊತ್ತಿಗೆ ಬೇಕಾದದ್ದು ಒಬ್ಬ ಹಿರಿಯರ ಅನುಭವ. ನಿಮ್ಮ ಊರಲ್ಲೂ ಒಬ್ಬ ಹಳೇ ವಾಲ್ವ್‌ಮನ್ ಇದ್ದೇ ಇರುತ್ತಾರೆ. ಅವರ ಜೊತೆ ನಡೆ, ಪ್ರತಿ ವಾಲ್ವಿನ ಫೋಟೋ ತೆಗೆ, ಎಷ್ಟು ಸುತ್ತು ತಿರುಗುತ್ತದೆ ಅಂತ ಬರೆದುಕೋ, ಮೊಬೈಲಿನಲ್ಲಿ ಜಾಗ ಗುರುತು ಹಾಕು. ಇದನ್ನು ಈ ತಿಂಗಳೇ ಮಾಡು, ಅವರಿರುವಾಗಲೇ.

ಯುಜಿಡಿ ಕಟ್ಟಿದಾಗ ನಿಮ್ಮನ್ನೇ ಕರೆಯುತ್ತಾರೆ ಅಂತ ಬರೆದಿದ್ದೀಯ. ಇದನ್ನು ಎರಡು ಸಲ ಓದು. ಮ್ಯಾನ್‌ಹೋಲಿಗೆ ಇಳಿಯಬೇಡ. ಸೆಪ್ಟಿಕ್ ಟ್ಯಾಂಕಿಗೂ ಇಳಿಯಬೇಡ. ಯಾರು ಹೇಳಿದರೂ, ಎಷ್ಟು ದುಡ್ಡು ಕೊಟ್ಟರೂ, "ಎರಡೇ ನಿಮಿಷ" ಅಂದರೂ ಇಳಿಯಬೇಡ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ರಕ್ಷಣಾ ಸಾಧನ ಇಲ್ಲದೆ ಮನುಷ್ಯರನ್ನು ಹಾಗೆ ಇಳಿಸುವುದನ್ನು ಅಪರಾಧ ಅನ್ನುತ್ತದೆ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೀಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕು ಅಂತ ಹೇಳಿದೆ. ಆದರೆ ನಿನ್ನ ಅವ್ವನಿಗೆ ಬೇಕಾಗಿರುವುದು ಆ ದುಡ್ಡಲ್ಲ. ಒಳಗಿರುವ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ, ಜಾಸ್ತಿಯಾದಾಗ ಮೂಗು ಅದನ್ನು ಗುರುತಿಸುವುದನ್ನೇ ಬಿಟ್ಟುಬಿಡುತ್ತದೆ. ವಾಸನೆ ಹೋಯಿತು, ಗ್ಯಾಸ್ ಹೋಯಿತು ಅಂತ ಇಳಿದವರು ಮೇಲೆ ಬಂದಿಲ್ಲ. ಕಡ್ಡಿ ಗೀರಿ ನೋಡುವ ಹಳೇ ಅಭ್ಯಾಸವೂ ಬೇಡ, ಮೀಥೇನ್ ಇದ್ದರೆ ಹೊತ್ತಿಕೊಳ್ಳುತ್ತದೆ. ಒಬ್ಬ ಬಿದ್ದ ಅಂತ ಎತ್ತಲು ಇಳಿದ ಎರಡನೆಯವನು, ಮೂರನೆಯವನು ಸಾಯುವುದನ್ನು ಪೇಪರಿನಲ್ಲಿ ಎಷ್ಟು ಸಲ ಓದಿದ್ದೇವೆ. ಇಲ್ಲಿ ಕಲಿಯಬೇಕಾದ ವಿದ್ಯೆ ಜೋರಾಗಿ ನೀರು ಚಿಮ್ಮಿಸುವ ಜೆಟ್ಟಿಂಗ್ ಯಂತ್ರ, ಕೆಸರು ಹೀರುವ ಸಕ್ಕಿಂಗ್ ಯಂತ್ರ ನಡೆಸುವುದು, ಗ್ಯಾಸ್ ಅಳೆಯುವ ಮೀಟರ್ ಓದುವುದು, ಮತ್ತು ಮೇಲಿನಿಂದಲೇ ಎರಡು ಮ್ಯಾನ್‌ಹೋಲ್ ನಡುವೆ ಎಲ್ಲಿ ಕಟ್ಟಿದೆ ಅಂತ ಕಂಡುಹಿಡಿಯುವುದು. ಒಂದು ತುಂಬಿ, ಅದರ ಮುಂದಿನದು ಒಣಗಿದ್ದರೆ ಗಂಟು ಆ ಎರಡರ ನಡುವೆಯೇ ಇರುತ್ತದೆ.

ಇದೇ ಜಾಗದಲ್ಲಿ ಗೌಂಡಿಗಳ ಮಾತು ಬರುತ್ತದೆ, ನೀನು ಕೇಳದಿದ್ದರೂ ಹೇಳುತ್ತೇನೆ. ನಮ್ಮ ಪಟ್ಟಣಗಳ ಬಹಳ ಮನೆಗಳಿಗೆ ಇನ್ನೂ ಯುಜಿಡಿ ಇಲ್ಲ. ತಳ ಇಲ್ಲದ ಒಂದು ಗುಂಡಿ ತೋಡಿ ಸೆಪ್ಟಿಕ್ ಟ್ಯಾಂಕ್ ಅನ್ನುತ್ತಾರೆ. ಸರಿಯಾದದ್ದಕ್ಕೆ ತಳ ಗಟ್ಟಿ ಇರಬೇಕು, ನಡುವೆ ಗೋಡೆ ಇರಬೇಕು, ಮೊದಲ ಕೋಣೆ ಮೂರರಲ್ಲಿ ಎರಡು ಪಾಲಿನಷ್ಟು ಉದ್ದ ಇರಬೇಕು, ನೀರು ಬರುವ ಹೋಗುವ ಕಡೆ ಟಿ ಆಕಾರದ ಪೈಪ್ ಇರಬೇಕು. ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು. ನಮ್ಮ ಎರೆ ಭೂಮಿಯಲ್ಲಿ ಇಂಗುಗುಂಡಿ ಕೆಲಸ ಮಾಡುವುದು ಕಷ್ಟ, ಮಳೆಗಾಲದಲ್ಲಿ ಎರೆ ಮಣ್ಣು ಉಬ್ಬಿ ನೀರು ಇಂಗುವುದೇ ಇಲ್ಲ. ಇದನ್ನೆಲ್ಲ ಗೌಂಡಿಗೆ ಹೇಳಿಕೊಡದೆ ಊರಿಗೆ ಎಷ್ಟು ದೊಡ್ಡ ಘಟಕ ಕಟ್ಟಿದರೂ ಗಲೀಜು ಗಟಾರಕ್ಕೇ ಬರುತ್ತದೆ. ಎಳೆದು ತೆಗೆದ ಮಲದ ಕೆಸರನ್ನು ಹೊಲಕ್ಕೋ ಹಳ್ಳಕ್ಕೋ ಸುರಿಯದೆ ಶುದ್ಧ ಮಾಡುವುದು ಸಣ್ಣ ಊರಿಗೂ ಸಾಧ್ಯ. 2015ರಲ್ಲಿ ದೇವನಹಳ್ಳಿಯಲ್ಲಿ ದಿನಕ್ಕೆ 6,000 ಲೀಟರ್ ಕೆಸರಿನ ಘಟಕ ಶುರುವಾಯಿತು, ದೇಶದಲ್ಲೇ ಪಟ್ಟಣ ಮಟ್ಟದ ಮೊದಲನೆಯದು ಅಂತ ಅದಕ್ಕೆ ಹೆಸರು. ಅವಕಾಶ ಸಿಕ್ಕರೆ ಹೋಗಿ ನೋಡಿ ಬಾ.

ಎಲ್ಲಿ ಕಲಿಯಬೇಕು ಅಂದರೆ, ನಗರ ಸ್ಥಳೀಯ ಸಂಸ್ಥೆಗಳ ಸಿಬ್ಬಂದಿಗೆ ಮೈಸೂರಿನ ರಾಜ್ಯ ನಗರಾಭಿವೃದ್ಧಿ ಸಂಸ್ಥೆ ತರಬೇತಿ ನಡೆಸುತ್ತದೆ. ನಿನ್ನ ಹೆಸರೂ ಸೇರಿಸಿ ಅಂತ ಅರ್ಜಿ ಕೊಡು, ಹೊರಗುತ್ತಿಗೆಯವನು ಅಂತ ಹಿಂದೆ ಸರಿಯಬೇಡ. ಕೆಲಸ ಮಾಡುತ್ತಲೇ ಕಲಿತವರ ವಿದ್ಯೆಯನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಆರ್‌ಪಿಎಲ್ ಪದ್ಧತಿ ಇದೆ. ಪ್ಲಂಬಿಂಗ್, ಕೊಳಚೆ ನೀರು ಶುದ್ಧೀಕರಣದ ಕೆಲಸಗಳಿಗೆ ಸ್ಕಿಲ್ ಕೌನ್ಸಿಲ್‌ಗಳಿವೆ, ನಿನ್ನ ಐಟಿಐಯಲ್ಲೇ ವಿಚಾರಿಸು. ಆದರೆ ನನ್ನ ಅಭಿಪ್ರಾಯ ಖಡಾಖಂಡಿತವಾಗಿ ಹೇಳುತ್ತೇನೆ: ಎರಡು ದಿನ ಹಾಲ್‌ನಲ್ಲಿ ಕೂತು ಪರದೆ ಮೇಲೆ ಇಂಗ್ಲಿಷ್ ಚಿತ್ರ ನೋಡಿದರೆ ಈ ಕೆಲಸ ಬರುವುದಿಲ್ಲ. ಕಲಿಸುವವರು ನಿಮ್ಮ ಪಂಪ್‌ಹೌಸಿಗೆ ಬರಬೇಕು, ನಿಮ್ಮ ಕೆರೆಯ ನೀರಿನಲ್ಲೇ ಜಾರ್ ಟೆಸ್ಟ್ ಮಾಡಿಸಬೇಕು, ನಮ್ಮ ಭಾಷೆಯಲ್ಲಿ ಹೇಳಬೇಕು, ಮೂರು ತಿಂಗಳಾದ ಮೇಲೆ ಮತ್ತೆ ಬಂದು ನೋಡಬೇಕು. ನೀನು ಅರ್ಜಿಯಲ್ಲಿ ಇದನ್ನೂ ಕೇಳು.

ಮೇಲಿನವರು ಕೇಳುತ್ತಾರಾ? "ಸರ್, ನೀರು ಸರಿ ಇಲ್ಲ" ಅಂದರೆ ಕೇಳುವುದಿಲ್ಲ. "ಇಂಥ ವಾರ್ಡಿನ ಕೊನೇ ನಲ್ಲಿಯಲ್ಲಿ ಏಳು ಸಲ ನೀರು ಬಿಟ್ಟದ್ದರಲ್ಲಿ ಐದು ಸಲ ಕ್ಲೋರಿನ್ ಸೊನ್ನೆ, ಇಂಥ ಕಡೆ ಪೈಪ್ ಗಟಾರದಲ್ಲಿದೆ, ಫೋಟೋ ಇದೆ" ಅಂತ ತಾರೀಖು ಹಾಕಿ ಬರೆದು ಕೊಟ್ಟು, ಒಂದು ಪ್ರತಿ ನಿನ್ನ ಹತ್ತಿರ ಇಟ್ಟುಕೊಂಡರೆ ಅದನ್ನು ಬದಿಗೆ ಸರಿಸುವುದು ಯಾರಿಗೂ ಸುಲಭವಲ್ಲ. ಎಲ್ಲ ಎಂಜಿನಿಯರರೂ ಕಿವುಡರಲ್ಲ. ನಾನೂ ಒಬ್ಬ ಎಂಜಿನಿಯರ್ ಆಗಿದ್ದೆ, ಇಂಥ ಒಂದು ಹಾಳೆಗಾಗಿ ಎಷ್ಟೋ ವರ್ಷ ಕಾದಿದ್ದೇನೆ. ವಾರ್ಡಿನ ಸ್ವಸಹಾಯ ಸಂಘದ ಅಕ್ಕಂದಿರನ್ನೂ ಜೊತೆಗೆ ತೆಗೆದುಕೋ. ಪಟ್ಟಣಗಳ ನೀರಿನ ಕೆಲಸಕ್ಕೆ ಕೇಂದ್ರ ತಂದ ಅಮೃತ್ ಯೋಜನೆಯಡಿ ಅಂಥ ಸಂಘದ ಮಹಿಳೆಯರಿಗೆ ನೀರು ಪರೀಕ್ಷೆಯ ಕೆಲಸ ಕೊಡುವ ಏರ್ಪಾಡು ಇದೆ. ನೀರಿನ ವಾಸನೆ ಬದಲಾದದ್ದು ಮೊದಲು ತಿಳಿಯುವುದು ಅವರಿಗೇ. ಇನ್ನೊಂದು ಮಾತು ಅಧಿಕಾರಿಗಳಿಗೇ ಹೇಳಬೇಕಾದದ್ದು, ಅವರೂ ಓದುತ್ತಿರಬಹುದು: ಕ್ಲೋರಿನ್ ಇಲ್ಲದ ನೀರನ್ನು ತಡೆದು ನಿಲ್ಲಿಸುವ ಅಧಿಕಾರವನ್ನು ವಾಲ್ವ್ ಮೇಲೆ ಕೈ ಇಟ್ಟವನಿಗೆ ಬರೆದು ಕೊಡಿ. ಅದಿಲ್ಲದೆ ಅವನಿಗೆ ಏನು ಕಲಿಸಿದರೂ ಅವನು ನೋಡುತ್ತಾ ನಿಲ್ಲಬೇಕಾಗುತ್ತದೆ.

ನಾಳೆ ಬೆಳಿಗ್ಗೆ ಒಂದು ಇನ್ನೂರು ಪುಟದ ನೋಟ್‌ಬುಕ್ ಕೊಂಡುಕೋ. ನೀರು ಬಿಡುವ ದಿನ ನಿಮ್ಮ ಊರಿನ ಎಲ್ಲಕ್ಕಿಂತ ಕೊನೆಯ ಓಣಿಗೆ ಹೋಗಿ, ಕೊನೆಯ ಮನೆಯ ಅವ್ವನನ್ನು ಕೇಳಿ ನಲ್ಲಿಯ ನೀರು ಹಿಡಿ. ತಾರೀಖು, ಗಂಟೆ, ನೀರಿನ ಬಣ್ಣ, ವಾಸನೆ, ಉಳಿದ ಕ್ಲೋರಿನ್ ಇಷ್ಟು ಬರೆ. ಏಳು ಸಲ ನೀರು ಬಿಟ್ಟ ಮೇಲೆ ಆ ಪುಟಗಳ ಫೋಟೋ ನನಗೆ ಕಳಿಸು, ಯಾವ ಅಂಕಿ ಏನು ಹೇಳುತ್ತಿದೆ ಅಂತ ಕೂತು ನೋಡೋಣ.